ದೋಣಿಯ ಮೊದಲ ಮೀನು

ಮೊಮ್ಮಗಳ ಮೀನುಮನೆಯಲ್ಲಿ ಒಂದೇ ಒಂದು ತೊಟ್ಟಿ ಖಾಲಿ ಉಳಿದಿತ್ತು. ಕಾಲು ಮುರಿದುಕೊಂಡು ಬೇಸಿಗೆಯೆಲ್ಲ ಮಂಚಕ್ಕೆ ಅಂಟಿದ್ದ ಪುಟ್ಟಿ, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮಿನೊಳಗೆ ಒಂದು ದ್ವೀಪ ಕಟ್ಟಿ, ಅಲ್ಲಿನ ಮೀನುಗಳನ್ನೆಲ್ಲ ಹಿಡಿದು ಆ ದ್ವೀಪದ ಮೀನುಮನೆಗೆ ತುಂಬಿಸಿದ್ದಳು. ಸತಾಯಿಸುತ್ತಿದ್ದುದು ಅರಪೈಮ ಒಂದೇ. ಬಿಸಿನಾಡಿನ ನದಿಯ ಮೀನು, ಆಳಿಗಿಂತ ಉದ್ದ. ಆಟದೊಳಗೂ ಹೊರಗಿನಂತೆಯೇ ಹೊತ್ತು ಇಳಿಯುತ್ತದೆ, ಋತು ತಿರುಗುತ್ತದೆ. ಇವತ್ತು ಅಲ್ಲಿ ಬೇಸಿಗೆಯ ಕೊನೆಯ ದಿನ; ಕತ್ತಲಾದರೆ ಆ ಮೀನು ಇನ್ನು ಬರುವ ಬೇಸಿಗೆಗೇ.

ಪ್ಲಾಸ್ಟರ್ ಬಿಚ್ಚಲು ಆಸ್ಪತ್ರೆಯವರು ಕರೆದದ್ದೂ ಇವತ್ತೇ.

"ಅಜ್ಜ, ಇನ್ನು ನೀನೇ ಗತಿ," ಎಂದು ಆಟವನ್ನು ಅಜ್ಜನ ತೊಡೆಯ ಮೇಲಿಟ್ಟಳು. "ದೊಡ್ಡ ನೆರಳು ಕಂಡ್ರೆ ಗಾಳ ಹಾಕು. ಬೆಂಡು ಪೂರ್ತಿ ಮುಳುಗಿದಾಗ ಈ ಗುಂಡಿ ಒತ್ತು. ಮೊದಲೇ ಒತ್ತೀಯ, ಜೋಕೆ!"

"ಮೀನು ಹಿಡಿಯೋದು ನನಗೇ ಹೇಳಿಕೊಡ್ತೀಯೇನೇ?" ಅಜ್ಜ ನಕ್ಕರು. ಮೈಯಲ್ಲಿ ಕಸುವಿರುವ ತನಕ ದೋಣಿ ನಡೆಸಿದವರು.

"ದೋಣಿ ಬೇರೆ ಅಪ್ಪ, ಬ್ಯಾಟರಿ ಬೇರೆ," ಎನ್ನುತ್ತ ಅಮ್ಮ ಮಗಳನ್ನು ಎತ್ತಿಕೊಂಡು ಹೊರಟಳು.

ಅಜ್ಜ ಕಿಟಕಿಯ ಬಳಿ ಕೂತರು. ಬಹಳ ಹೊತ್ತು ಏನೂ ಕಚ್ಚಲಿಲ್ಲ. ಕಾಯುವುದು ಅವರಿಗೆ ಜಪದ ಹಾಗೆ; ಬೇಸರವಾಗಲಿಲ್ಲ. ಕೊನೆಗೊಂದು ದೊಡ್ಡ ನೆರಳು ಬಂದು ಮುಟ್ಟಿತು, ಬಿಟ್ಟಿತು, ಬೆಂಡನ್ನು ಎಳೆದೊಯ್ದಿತು. ಒತ್ತಿದರು. ಅರಪೈಮ! ಬಾಲದ ಕಡೆಗೆ ಕುಂಕುಮ ಚೆಲ್ಲಿದಂತೆ ಕೆಂಪು. ಪರದೆಯ ಮೇಲೆ ಪ್ರಶ್ನೆ ಮೂಡಿತು: ಇಟ್ಟುಕೊಳ್ಳುವಿರಾ, ಬಿಡುವಿರಾ?

ಅಜ್ಜನ ದೋಣಿಗೊಂದು ನೇಮವಿತ್ತು. ದಿನದ ಮೊದಲ ಮೀನನ್ನು, ಅದೆಷ್ಟೇ ದೊಡ್ಡದಿರಲಿ, ಕೊಟ್ಟವನಿಗೆ ಕೈಮುಗಿದು ನೀರಿಗೇ ಬಿಡಬೇಕು. ಬೆರಳು ಅವರನ್ನು ಕೇಳಲಿಲ್ಲ. ಬಿಟ್ಟೇಬಿಟ್ಟಿತು.

ನೀರು ಕೂಡಿಕೊಂಡ ಮೇಲೆ ಪುಟ್ಟಿಯ ಖಾಲಿ ತೊಟ್ಟಿ ನೆನಪಾಯಿತು.

ಬಿಸಿಲು ಕೆಂಪಾಗುವಾಗ ಪುಟ್ಟಿ ಗೋಡೆ ಹಿಡಿದು ಕುಂಟುತ್ತ ಬಂದಳು. "ಸಿಕ್ತಾ?"

"ಸಿಕ್ತು ಮಗಳೇ. ಬಿಟ್ಟುಬಿಟ್ಟೆ."

"ಬಿಟ್ಟೆ ಅಂದ್ರೆ?"

"ಮೊದಲನೇದಲ್ವಾ..."

"ಅದು ಆಟ ಅಜ್ಜ! ಅಲ್ಲಿ ನೀರೇ ಇಲ್ಲ!"

"ನಿನ್ನ ಬೇಸಿಗೆಯನ್ನೇ ನೀರುಪಾಲು ಮಾಡಿದೆ. ಬೈದುಬಿಡು ತಾಯಿ."

ಪುಟ್ಟಿ ಮೂಗೊರೆಸಿಕೊಂಡು, ಆಟ ಕಸಿದುಕೊಂಡು, ಅಜ್ಜನಿಗೆ ಬೆನ್ನು ಮಾಡಿ ಕೂತಳು. ದ್ವೀಪದಲ್ಲಿ ಇನ್ನೂ ತುಸು ಬೆಳಕಿತ್ತು. ಅಜ್ಜ ಅವಳ ಭುಜದ ಮೇಲಿಂದ ಇಣುಕಿದರು. ನೆರಳು ಮತ್ತೆ ಬಂದಾಗ ಮಾತ್ರ ತುಟಿ ಬಿಚ್ಚಿದರು: "ತಡಿ... ತಡಿ... ಈಗ!"

ಅರಪೈಮ ಮೇಲೆ ಬಂತು. ಅದೇ ಪ್ರಶ್ನೆ. ಪುಟ್ಟಿಯ ಹೆಬ್ಬೆರಳು ಅಲ್ಲೇ ನಿಂತಿತು.

"ಅಜ್ಜ... ಇವತ್ತು ನಾನು ಹಿಡಿದ ಮೊದಲನೇದು ಇದು. ಬಿಡಬೇಕಾ?"

ಅಜ್ಜನ ಕಣ್ಣು ತುಂಬಿ ಬಂತು. "ನೇಮ ಆಳಿಗಲ್ಲ ಕಣೇ, ದೋಣಿಗೆ. ನಾವಿಬ್ಬರೂ ಒಂದೇ ದೋಣಿಯವರು ತಾನೇ? ದೋಣಿಯ ಮೊದಲ ಮೀನು ಆಗಲೇ ಹೋಯ್ತು."

"ಹೌದಾ? ಹಾಗಾದ್ರೆ ಯಜಮಾನ ಯಾರು?"

"ನೀನೇ. ನಾನು ಬೆಂಡು ನೋಡೋ ಆಳು."

ಪುಟ್ಟಿ ಗುಂಡಿ ಒತ್ತಿದಳು. ತೊಟ್ಟಿಯಲ್ಲಿ ಆ ದೊಡ್ಡ ಮೀನು ಅವಸರವಿಲ್ಲದೆ ಒಂದು ಸುತ್ತು ಹಾಕಿತು.