ಎಪ್ಪತ್ತೆರಡನೇ ಕಂತು

ವಾರಕ್ಕೆ ಮೂರು ದಿನ, ಬೆಳಿಗ್ಗೆ ಏಳಕ್ಕೆಲ್ಲ ಟೈಲರಮ್ಮ ಡಯಾಲಿಸಿಸ್ ಕೇಂದ್ರದ ಮೂರನೇ ಕುರ್ಚಿಯಲ್ಲಿರುತ್ತಿದ್ದಳು. ಎಡಗೈಗೆ ಎರಡು ಸೂಜಿ ಚುಚ್ಚಿದರೆ ಮುಗಿಯಿತು, ನಾಲ್ಕು ಗಂಟೆ ಅಲುಗಾಡುವಂತಿಲ್ಲ. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳಿಗೆ, ಈಗ ಯಂತ್ರವೇ ತನ್ನನ್ನು ಹಿಡಿದು ಕೂರಿಸುವುದು ಮೈಯುರಿಸುತ್ತಿತ್ತು. ಅದಕ್ಕೇ ಮನೆಯಿಂದ ಒಂದು ಹಳೆಯ ಧಾರಾವಾಹಿಯ ಡಿವಿಡಿಗಳನ್ನೂ ಪ್ಲೇಯರನ್ನೂ ತಂದು ಗೋಡೆಯ ಟಿವಿಗೆ ಜೋಡಿಸಿದ್ದಳು.

ಒಂದೇ ಮನೆ, ಮೂವರು ಅಣ್ಣತಮ್ಮಂದಿರು, ಬಾಯಿಗೆ ಬೀಗ ಹಾಕಿಕೊಂಡ ತಾಯಿ, ಪಾಲುಪತ್ರಕ್ಕೆ ಸಹಿ ಹಾಕದ ಹಿರಿಸೊಸೆ. ಬಾಗಿಲು ಬಡಿದರೆ ಗೋಡೆಯೇ ಅಲುಗುವಂಥ ಅಗ್ಗದ ಸೆಟ್ಟು. ಆದರೂ ಕುರ್ಚಿಗಳಲ್ಲಿದ್ದ ಏಳು ಜನವೂ ಟಿವಿಯಿಂದ ಕಣ್ಣು ಕೀಳುತ್ತಿರಲಿಲ್ಲ. ಮೊದಮೊದಲು ಮೂಗು ಮುರಿದಿದ್ದ ನಿವೃತ್ತ ಬಸ್ ಚಾಲಕ, ಕಿರಿಮಗ ಮನೆ ಬಿಟ್ಟ ಕಂತಿನಲ್ಲಿ ಕಣ್ಣೊರೆಸಿಕೊಂಡು ಏಸಿ ಗಾಳಿಯನ್ನು ಬೈದಿದ್ದ.

ಅಷ್ಟರಲ್ಲಿ ಹೊಸ ಮ್ಯಾನೇಜರ್ ಬಂದ. ಪ್ಲೇಯರ್ ಕೀಳಿಸಿ, ಹತ್ತು ನಿಮಿಷದ ಆರೋಗ್ಯ ಸಲಹೆಯ ವಿಡಿಯೋವನ್ನು ಸುತ್ತಿ ಸುತ್ತಿ ಹಾಕಿಸಿದ: ನೀರು ಕಡಿಮೆ ಕುಡಿಯಿರಿ, ಉಪ್ಪು ಬಿಡಿ. ಬೇಕಾದವರು ತಮ್ಮ ತಮ್ಮ ಫೋನಿನಲ್ಲಿ ಏನಾದರೂ ನೋಡಿಕೊಳ್ಳಲಿ ಎಂದ.

"ಒಬ್ಬೊಬ್ರು ಒಂದೊಂದು ನೋಡಿದ್ರೆ ಜಗಳ ಆಡೋದು ಯಾರ ಜೊತೆ?" ಎಂದು ಕೇಳಿದಳು ಟೈಲರಮ್ಮ. ಅವನು ನಕ್ಕು ಹೋದ.

ಆ ವಾರ ದಿನಕ್ಕೆ ಮೂವರಾದರೂ, ರಕ್ತ ಪೂರ್ತಿ ಶುದ್ಧವಾಗುವ ಅರ್ಧ ಗಂಟೆ ಮೊದಲೇ ಸೂಜಿ ತೆಗೆಯಿರೆಂದು ಹಟ ಹಿಡಿದು ಎದ್ದು ಹೋದರು. ಮರುವಾರ ಟೈಲರಮ್ಮ ಗಂಟಲು ಸರಿಮಾಡಿಕೊಂಡು, ಎಲ್ಲರೂ ಕೊನೆಯದಾಗಿ ನೋಡಿದ್ದ ಎಪ್ಪತ್ತೆರಡನೇ ಕಂತನ್ನು ಬಾಯಲ್ಲೇ ಶುರುಮಾಡಿದಳು. ತಾಯಿಯ ಕೆಮ್ಮು, ದೊಡ್ಡವನ ಗದರಿಕೆ, ಬಾಗಿಲಿನ ಕಿರ್ರೆಂಬ ಸದ್ದು, ಒಂದನ್ನೂ ಬಿಡಲಿಲ್ಲ. ಮ್ಯಾನೇಜರ್ ಗಾಜಿನ ಕೋಣೆಯಿಂದ ಎದ್ದು ಬಂದು, ಇದು ಆಸ್ಪತ್ರೆ, ಸುಮ್ಮನಿರಬೇಕು ಎಂದ.

"ಕೈ ನಿಮ್ಮ ಮಷೀನಿಗೆ ಕೊಟ್ಟಿದೀನಿ. ಬಾಯಿ ಕೊಟ್ಟಿಲ್ಲ," ಎಂದು ಅವಳು ಕತೆ ಮುಂದುವರಿಸಿದಳು.

ಪಾಲುಪತ್ರದ ಮುಂದೆ ಹಿರಿಸೊಸೆ ಅತ್ತಳೆಂದಾಗ ಚಾಲಕ ತಡೆದ. "ಅಳಲಿಲ್ಲ ಅವಳು. ಪೆನ್ನಿಗೆ ಮುಚ್ಚಳ ಹಾಕಿ ವಾಪಸ್ ಕೊಟ್ಟಳು, ಅಷ್ಟೇ." ಅತ್ತಳು, ಇಲ್ಲ ಎಂದು ಇಡೀ ಕೋಣೆ ಎರಡು ಪಕ್ಷವಾಯಿತು. ಅವತ್ತು ಯಾರೂ ಗಡಿಯಾರದ ಕಡೆ ನೋಡಲಿಲ್ಲ.

ಹೀಗೆ ಎರಡು ವಾರ. ಅಳತೆ ನೀರಿನಲ್ಲಿ ಬದುಕುವವಳ ಗಂಟಲು ಎಷ್ಟು ದಿನ ತಡೆದೀತು? ಒಂದು ದಿನ ದನಿಯೇ ಹೊರಡಲಿಲ್ಲ. ಆ ದಿನ ಮತ್ತೆ ನಾಲ್ವರು ಬೇಗ ಎದ್ದರು. ಹಿರಿಯ ಸಿಸ್ಟರ್ ಇದನ್ನೆಲ್ಲ ಬರೆದಿಟ್ಟಿದ್ದಳು. ಡಾಕ್ಟರಿಗೆ ತೋರಿಸಿದಳು: ಧಾರಾವಾಹಿಯ ಕತೆ ಇದ್ದಾಗ ಎಲ್ಲರೂ ಪೂರ್ತಿ ನಾಲ್ಕು ಗಂಟೆ, ಬರೀ ಸಲಹೆ ಇದ್ದಾಗ ಮೂರ್ನಾಲ್ಕು ಜನ ಮೂರೂವರೆ ಗಂಟೆಯಷ್ಟೇ. ಡಾಕ್ಟರ್ ಹಾಳೆ ಹಿಡಿದು ಗಾಜಿನ ಕೋಣೆಗೆ ಹೋದರು. ಪ್ಲೇಯರ್ ವಾಪಸ್ ಬಂತು; ಸದ್ದು ಸಣ್ಣಗಿರಬೇಕೆಂದಷ್ಟೇ ಮ್ಯಾನೇಜರ್ ಗೊಣಗಿದ. ಟೈಲರಮ್ಮ ಅವನೆದುರಿಗೇ ರಿಮೋಟ್ ಒತ್ತಿ ಸದ್ದನ್ನು ಎರಡು ಗೆರೆ ಏರಿಸಿದಳು.

ಅದೇ ದಿನ ಖಾಲಿಯಿದ್ದ ಕುರ್ಚಿಗೆ ಹೊಸಬಳೊಬ್ಬಳು ಬಂದಳು. ಇನ್ನೂ ಇಪ್ಪತ್ತರ ಹುಡುಗಿ. ಗೋಡೆಗೆ ಮುಖ ಮಾಡಿದ್ದವಳು ಸ್ವಲ್ಪ ಹೊತ್ತಿಗೆ ಟಿವಿಯತ್ತ ತಿರುಗಿ, ಅದರಲ್ಲಿ ಕಾಣುವ ಹೆಂಗಸು ಯಾರೆಂದು ಮೆಲ್ಲಗೆ ಕೇಳಿದಳು.

"ಸಿಸ್ಟರ್, ಮೊದಲನೇ ಡಿಸ್ಕ್ ಹಾಕಿ," ಎಂದಳು ಟೈಲರಮ್ಮ.

ಮತ್ತೆ ಮೊದಲಿಂದಲಾ ಎಂದು ಚಾಲಕ ರೇಗಿದ. ಎದ್ದು ಹೋಗುವ ಅವಸರ ಯಾರಿಗಿದೆ ಎಂದು ಅವಳು ಕೇಳಿದಳು. ಅವನು ಸೋತು, ಮೂವರು ಅಣ್ಣತಮ್ಮಂದಿರಲ್ಲಿ ಯಾರನ್ನು ನಂಬಬಾರದೆಂದು ಹುಡುಗಿಗೆ ಹೇಳಹೊರಟ. ಉಳಿದವರೆಲ್ಲ ಸೇರಿ ಅವನ ಬಾಯಿ ಮುಚ್ಚಿಸಿದರು.