ಕೂತಲ್ಲೇ ಸೌದೆ ಸೀಳಿದವನು

ತೊಗರೇಪಿ ಎತ್ತಿದ ಕೊಡಲಿ ನೆತ್ತಿಯ ಮೇಲಿದ್ದ ಸೂರ್ಯನನ್ನು ಒಮ್ಮೆ ಸವರಿಕೊಂಡು ಕೆಳಗಿಳಿಯಿತು, ಮೊಪಾನಿ ಮರದ ದಿಮ್ಮಿಯ ನಟ್ಟನಡುವಿಗೆ ಬಡಿಯಿತು, ಬಂದ ದಾರಿಯಲ್ಲೇ ವಾಪಸು ಹೋಯಿತು. ದಿಮ್ಮಿಗೆ ಒಂದು ಗೀರೂ ಬೀಳಲಿಲ್ಲ. ಆ ಏಟಿನ ಸದ್ದಿಗೆ ಲಿಂಪೋಪೋ ಹೊಳೆಯ ಮೊಸಳೆಗಳೆಲ್ಲ ದಡ ಬಿಟ್ಟು ನೀರಿಗೆ ಹಾರಿದವು. ಸುಳ್ಳೆನ್ನುವವರು ಹೋಗಿ ಮೊಸಳೆಗಳನ್ನೇ ಕೇಳಬಹುದು.

"ಏನ್ರೀ, ಏಟು ಹಾಕ್ತಿದ್ದೀರೋ, ಮುದ್ದು ಮಾಡ್ತಿದ್ದೀರೋ?" ಎಂದಳು ಅವನ ಹೆಂಡತಿ ಎಸ್ನಾತ್.

"ಇದು ಮರ ಅಲ್ಲ ಕಣೇ. ನಿಮ್ಮ ತವರಿನವರ ತಲೆ," ಎಂದು ತೊಗರೇಪಿ ಬೆವರು ಒರೆಸಿಕೊಂಡ.

ಒಳಗೆ ಗುಡಿಸಲಲ್ಲಿ ಎಸ್ನಾತಳ ತಮ್ಮ ಗರಿಕಾಯಿ ಹೆಣವಾಗಿ ಮಲಗಿದ್ದ. ಬದುಕಿದ್ದಾಗ ಅವನತ್ತ ತಿರುಗಿಯೂ ನೋಡದಿದ್ದವರೆಲ್ಲ ಅಂಗಳದಲ್ಲಿ ಕೂತು, ಎರಡು ಕೆರೆ ತುಂಬುವಷ್ಟು ಅತ್ತು, ಈಗ ಹಸಿದಿದ್ದರು. ಎತ್ತು ಇಳಿದು ಸ್ನಾನ ಮಾಡಬಹುದಾದಂಥ ಹಂಡೆಗಳು ಒಲೆಯ ಮೇಲಿದ್ದವು. ಒಲೆಯಲ್ಲಿ ಮಾತ್ರ ಉರಿ ಇರಲಿಲ್ಲ.

ಸಾವಿನ ಮನೆಯಲ್ಲಿ ಸೌದೆ ಒಡೆಯುವುದು ಅಳಿಯಂದಿರ ಪಾಲಿನ ಕೆಲಸ. ಆ ಮನೆಗೆ ಇದ್ದ ಒಬ್ಬನೇ ಅಳಿಯ ತೊಗರೇಪಿ. ಒಂದು ತೋಳಲ್ಲಿ ಹೋರಿಯನ್ನೂ ಇನ್ನೊಂದರಲ್ಲಿ ಅದರ ಯಜಮಾನನನ್ನೂ ಎತ್ತಿ ಹಳ್ಳ ದಾಟಿಸಿದವನೆಂದು ಅವನಿಗೆ ಹೆಸರು. ಆ ತೋಳು ಸ್ವಂತ ಮನೆಯ ಒಲೆಗೆ ಒಂದು ಕಡ್ಡಿಯನ್ನೂ ಮುರಿದುಕೊಟ್ಟಿರಲಿಲ್ಲ. ನೋಡುವ ಜನವಿಲ್ಲದ ಕಡೆ ಶಕ್ತಿ ಖರ್ಚು ಮಾಡುವಷ್ಟು ದಡ್ಡ ಅವನಲ್ಲ. ಮನೆಯ ಸೌದೆಯನ್ನು ಎಸ್ನಾತಳೇ ಕಾಡಿನಿಂದ ಹೊತ್ತು ತರುತ್ತಿದ್ದಳು. ಹೊತ್ತೂ ಹೊತ್ತೂ ಅವಳ ಕತ್ತು ಹೆಗಲೊಳಗೆ ಇಳಿದು, ಹಿಂದೆ ಯಾರಾದರೂ ಕರೆದರೆ ಇಡೀ ದೇಹವೇ ತಿರುಗಬೇಕಾಗಿತ್ತು.

"ಅತ್ತಿಗೆ, ನೀರು ಕುದೀತಿಲ್ಲ," ಎಂದು ಒಲೆಯ ಹತ್ತಿರದಿಂದ ಷುವಾಯಿ ಕೂಗಿದಳು. ಅವಳು ಗರಿಕಾಯಿಯ ತಮ್ಮನ ಹೆಂಡತಿ, ಮನೆಯ ಕಿರಿಸೊಸೆ. "ಈಗ ಹಿಟ್ಟು ಹಾಕಿದ್ರೆ ಮುದ್ದೆ ಆಗಲ್ಲ, ಗೋಡೆ ಮೆತ್ತೋಕಾಗುತ್ತೆ."

ಎಸ್ನಾತಳಿಗೆ ಮುದ್ದೆಗಿಂತ ದೊಡ್ಡ ಯೋಚನೆಯಿತ್ತು. ಮಣ್ಣಾದ ಮೇಲೆ ಹಿರಿಯರು ಕೂರುತ್ತಾರೆ. ಆಗ ಎದ್ದು ನಿಂತು ಅವಳು ಹೇಳುವವಳಿದ್ದಳು: ನನ್ನ ತಮ್ಮನಿಗೆ ಅವನ ಹೆಂಡತಿ ಮೈದೇಯಿ ತಾನು ಹೇಳಿದಂತೆ ಕುಣಿಯಲಿ ಎಂದು ಕೈಮದ್ದು ಹಾಕಿದ್ದಳು, ಆ ಹೆಂಗಸಿಗೆ ಈ ಮನೆಯಲ್ಲಿ ಜಾಗವಿಲ್ಲ, ಇವತ್ತೇ ತವರಿಗೆ ಕಳಿಸಿ. ಸಾಕ್ಷಿ ಯಾಕೆ ಬೇಕು? ಮದ್ದು ತಿನ್ನದ ಗಂಡಸು ಹೆಂಡತಿಗೆ ಸೌದೆ ಒಡೆದುಕೊಟ್ಟದ್ದನ್ನು ಮ್ವೆನೆಜಿ ಸೀಮೆಯಲ್ಲಿ ಯಾರಾದರೂ ಕಂಡಿದ್ದಾರೆಯೇ?

*

ಅವಳು ಕಣ್ಣಾರೆ ಕಂಡದ್ದು ಗರಿಕಾಯಿಯ ಮದುವೆಯಾದ ಮೂರನೆಯ ವರ್ಷ. ತಮ್ಮನನ್ನು ನೋಡಲು ಬಂದರೆ, ಆಸಾಮಿ ಅಂಗಳದಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಎದುರಿಗೆ ಮೊಣಕಾಲೆತ್ತರದ ಮರದ ಕೊರಡು, ಕೊರಡಿನ ಮೇಲೆ ಲಾರಿಯ ಹಳೇ ಟೈರು, ಟೈರಿನೊಳಗೆ ನಿಲ್ಲಿಸಿದ ದಿಮ್ಮಿ. ಗರಿಕಾಯಿ ಕೊಡಲಿಯನ್ನು ಭುಜದವರೆಗೆ ಎತ್ತಿ, ಬೀಳಲಿಕ್ಕೆ ಬಿಡುತ್ತಿದ್ದ. ಬಿದ್ದಾದ ಮೇಲೆ ಒಂದು ಆಕಳಿಕೆ. ದಿಮ್ಮಿ ಅಂಚಿನಿಂದ ಹೋಳುಹೋಳಾಗಿ ಬಿಡುತ್ತಿತ್ತು, ಟೈರಿಗೆ ಒರಗಿ ನಿಂತೇ ಇರುತ್ತಿತ್ತು. ಮೈದೇಯಿ ಬಂದು ಬಗ್ಗದೆ ಎತ್ತಿಕೊಂಡು ಹೋಗುತ್ತಿದ್ದಳು.

"ಲೋ, ಇದೇನೋ ಇದು? ಊರಿನ ಹೆಂಗಸರು ನಗ್ತಾರೆ."

"ನಗಲಿ ಬಿಡಕ್ಕಾ. ನಗೋಕೂ ಕಷ್ಟ ಪಡಬೇಕು, ಪಾಪ."

"ನಿನ್ನ ಹೆಂಡ್ತಿ ಊಟದಲ್ಲಿ ಏನು ಹಾಕ್ತಾಳೋ?"

"ಉಪ್ಪು. ಕೆಲವು ದಿನ ಅದನ್ನೂ ಮರೀತಾಳೆ."

"ಗಂಡಸಾಗಿ ನಿಂತು ಒಡಿ. ನಡುವಿಗೆ ಹೊಡಿ."

"ನಡುವಿಗೆ ಹೊಡೆದ್ರೆ ಅದಕ್ಕೂ ಸಿಟ್ಟು, ನನಗೂ ಸುಸ್ತು. ಬಿರುಕು ಎಲ್ಲಿದೆ ಅಂತ ನೋಡಿ ಅಂಚಿಗೆ ಬಿಟ್ರೆ ತಾನೇ ಬಿಡುತ್ತೆ." ಅಷ್ಟು ಮಾತಾಡಿದ್ದಕ್ಕೇ ದಣಿದು ಅವನು ಕಣ್ಣು ಮುಚ್ಚಿದ.

ಅಂಥ ಸೋಮಾರಿ ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ನೊಣ ಮೂಗಿನ ಮೇಲೆ ಕೂತರೆ ಅದಕ್ಕೇ ಬೇಸರವಾಗಿ ಎದ್ದುಹೋಗಬೇಕಿತ್ತು.

*

ತೊಗರೇಪಿಯ ಇನ್ನೊಂದು ಏಟಿಗೆ ದಿಮ್ಮಿ ಒಡೆಯಲಿಲ್ಲ, ಅವನ ಸೊಂಟ ಹಿಡಿಯಿತು. ಬಗ್ಗಿದವನು ಬಗ್ಗಿದ ಹಾಗೇ ನಿಂತ. ನಾಲ್ಕು ಜನ ಅವನನ್ನು ಮೇಜಿನಂತೆ ಹೊತ್ತುಕೊಂಡು ಹೋಗಿ ಚಾಪೆಯ ಮೇಲೆ ಇಟ್ಟರು.

ಅವಮಾನದಿಂದ ಎಸ್ನಾತಳ ಮೈ ಉರಿಯಿತು. ಜನರ ಕಣ್ಣು ತನ್ನ ಗಂಡನ ಮೇಲಿಂದ ಏಳಬೇಕು, ತಮ್ಮನ ಮೇಲೆ ಬೀಳಬೇಕು. ದಾರಿ ಕೈಯಲ್ಲೇ ಇತ್ತು. ಸತ್ತವನನ್ನು ಅಣಕಿಸುವುದು ಆ ಜನರಲ್ಲಿ ಸೊಸೆಯಂದಿರ ಹಕ್ಕು; ಹೆಣ ಎತ್ತುವ ಮೊದಲು ಅವನ ನಡಿಗೆ, ಮಾತು, ಕೆಟ್ಟ ಚಟ ಎಲ್ಲವನ್ನೂ ಆಡಿ ತೋರಿಸಿ ನಗಿಸಬೇಕು.

"ಷುವಾಯಿ, ನಿಮ್ಮ ಭಾವ ಸೌದೆ ಒಡೀತಿದ್ದ ಚಂದ ತೋರಿಸೇ. ಎಲ್ಲಾರೂ ನೋಡ್ಲಿ, ಮದ್ದು ಗಂಡಸನ್ನ ಏನು ಮಾಡುತ್ತೆ ಅಂತ."

ಷುವಾಯಿ ಇಂಥದ್ದಕ್ಕೆ ಎರಡು ಸಲ ಹೇಳಿಸಿಕೊಳ್ಳುವವಳಲ್ಲ. ಗರಿಕಾಯಿಯ ಟೋಪಿ ಹಾಕಿದಳು, ಹೊಟ್ಟೆಗೆ ದಿಂಬು ಕಟ್ಟಿದಳು, ಹಿತ್ತಲಿಂದ ಕೊರಡು, ಟೈರು, ಸ್ಟೂಲು ತರಿಸಿ, ನಿಟ್ಟುಸಿರು ಬಿಡುತ್ತ ಕೂತಳು. ತೊಗರೇಪಿಗೆ ಬಗ್ಗದ ದಿಮ್ಮಿಯನ್ನೇ ಟೈರಿನೊಳಗೆ ನಿಲ್ಲಿಸಿದರು.

"ಎಲ್ಲಪ್ಪಾ ನಿನ್ನ ಬಿರುಕು?" ಗರಿಕಾಯಿಯ ಎಳೆದೆಳೆದು ಆಡುವ ದನಿಯಲ್ಲೇ ಅವಳು ದಿಮ್ಮಿಯನ್ನು ಕೇಳಿದಳು. "ನೀನೇ ತೋರಿಸಿಬಿಡು. ನಂಗೆ ಹುಡುಕೋಕೂ ಸುಸ್ತು."

ಜನ ಬಿದ್ದು ಬಿದ್ದು ನಕ್ಕರು. ಅವಳು ಅಂಚಿನ ಬಿರುಕಿಗೆ ಕೊಡಲಿ ಬಿಟ್ಟಳು, ಆಕಳಿಸಿದಳು. ಮತ್ತೆ ಬಿಟ್ಟಳು. ಚರ್ ಎಂದು ಒಂದು ಹೋಳು ಬಿಟ್ಟಿತು. ಅವಳು ಟೈರಿನ ಸುತ್ತ ಸ್ಟೂಲು ಸರಿಸುತ್ತ, "ಅಯ್ಯೋ, ಎಷ್ಟು ದೂರದ ಪ್ರಯಾಣ," ಎಂದು ನರಳುತ್ತ ಬಿಡುತ್ತಲೇ ಹೋದಳು. ಹೋಳುಗಳು ಸಾಲಾಗಿ ನಿಂತವು. ನಗುತ್ತಲೇ ಯಾರೋ ಅವನ್ನು ಎತ್ತಿ ಒಲೆಗಿಟ್ಟರು.

"ಇನ್ನೊಂದ್ಸಲ ತೋರಿಸೇ," ಎಂದು ಮುದುಕಿಯೊಬ್ಬಳು ಇನ್ನೊಂದು ದಿಮ್ಮಿ ಉರುಳಿಸಿಕೊಂಡು ಬಂದಳು.

ಅಣಕ ಮುಗಿಯುವ ಹೊತ್ತಿಗೆ ದಿಮ್ಮಿಗಳ ಗುಡ್ಡದಂಥ ರಾಶಿ ಮುಗಿದಿತ್ತು. ಷುವಾಯಿಯ ಹಣೆಯಲ್ಲಿ ಒಂದು ಹನಿ ಬೆವರಿರಲಿಲ್ಲ. ಹಂಡೆಗಳು ಕೊತಕೊತ ಕುದಿದವು. ಉರಿ ಎಷ್ಟು ಮೇಲೆ ಹೋಯಿತೆಂದರೆ ಆಕಾಶದಲ್ಲಿ ಹದ್ದುಗಳು ಕಾಲು ಮಡಚಿಕೊಂಡವು. ಚಾಪೆಯಿಂದ ತೊಗರೇಪಿ, "ಆ ಟೈರು ಲಾರೀದಾ, ಟ್ರ್ಯಾಕ್ಟರ್‌ದಾ?" ಎಂದು ಕೇಳಿದ.

ಕಣ್ಣಿದ್ದವರಿಗೆಲ್ಲ ವಿಷಯ ತಿಳಿಯಿತು. ಎಸ್ನಾತಳಿಗೂ ತಿಳಿಯಿತು, ಅವಳಿಗೆ ತಿಳಿಯಬಹುದಾದ ರೀತಿಯಲ್ಲಿ. ಈ ಮದ್ದು ಗಂಡನಿಗಷ್ಟೇ ಹತ್ತಿದ್ದಲ್ಲ, ಮರಕ್ಕೂ ಕೊಡಲಿಗೂ ಹತ್ತಿದೆ. ತಿಂದವನು ಸತ್ತರೂ ಇಳಿದಿಲ್ಲ.

*

ಗರಿಕಾಯಿಯನ್ನು ಮಣ್ಣು ಮಾಡಿ ಬಂದರು. ಜನ ಹೊಟ್ಟೆ ಬಿರಿಯೆ ಉಂಡರು. ಹಿರಿಯರು ಮರದಡಿ ಕೂತು, ಹೇಳುವುದಿದ್ದವರು ಹೇಳಬಹುದು ಎಂದರು. ಎಸ್ನಾತ್ ಎದ್ದಳು, "ನೀರು ಕುಡಿದು ಬರ್ತೀನಿ," ಎಂದು ಅಡುಗೆ ಗುಡಿಸಲಿಗೆ ನಡೆದಳು.

ಮೈದೇಯಿ ಆರುತ್ತಿದ್ದ ಒಲೆಯ ಮುಂದೆ ಒಬ್ಬಳೇ ಕೂತಿದ್ದಳು.

"ಅದೇನು ಹಾಕ್ತಿದ್ದೆ, ಅದರಲ್ಲಿ ಒಂಚೂರು ನನಗೂ ಕೊಡು," ಎಂದಳು ಎಸ್ನಾತ್ ದನಿ ತಗ್ಗಿಸಿ.

"ಏನೂ ಹಾಕ್ತಿರಲಿಲ್ಲ ಅತ್ತಿಗೆ. ನಿಮ್ಮ ತಮ್ಮ ಸೋಮಾರಿ. ರಾತ್ರಿ ನಾನು ಬೆನ್ನುನೋವು ಅಂತ ನರಳಿದ್ರೆ ಅವನಿಗೆ ನಿದ್ದೆ ಬರ್ತಿರಲಿಲ್ಲ. ನಿದ್ದೆ ಬೇಕು ಅಂತ ಸೌದೆ ಒಡೀತಿದ್ದ. ಅಷ್ಟೇ."

"ನಂಗೆ ಕತೆ ಹೇಳಬೇಡ. ಒಂದು ಚಿಟಿಕೆ ಸಾಕು."

ಮೈದೇಯಿ ಅವಳನ್ನು ನೋಡಿದಳು. ಹಿಟ್ಟಿನ ಚೀಲಕ್ಕೆ ಬಾಯಿ ಹಾಕಲು ಬಂದ ಆಡನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಒಲೆಗೆ ಕೈಚಾಚಿ, ತಣ್ಣಗಾದ ಮೂಲೆಯಿಂದ ಎರಡು ಬೆರಳಲ್ಲಿ ಬೂದಿ ತೆಗೆದಳು.

"ಸೆರಗು ಹಿಡೀರಿ."

ಎಸ್ನಾತ್ ಹೊದ್ದ ಬಟ್ಟೆಯ ತುದಿ ಬಿಚ್ಚಿ ಹಿಡಿದಳು.

"ಇದು ಒಂದು ಸಲಕ್ಕೆ ಹತ್ತೋ ವಸ್ತು ಅಲ್ಲ," ಎಂದಳು ಮೈದೇಯಿ. "ಹೊಸ ಚಂದ್ರ ಕಂಡಾಗೆಲ್ಲ ಹಾಕ್ಬೇಕು. ಇದೇ ಒಲೇದಾಗಬೇಕು, ನಾನೇ ತೆಗೆದುಕೊಡಬೇಕು. ನಾನು ತವರಿಗೆ ಹೋದ್ರೆ ಮುಗೀತು."

ಹೊರಗೆ ಗಾಳಿ ಎದ್ದಿತ್ತು. ಎಸ್ನಾತ್ ಬೂದಿ ಕಟ್ಟಿದ ಗಂಟನ್ನು ಎರಡೂ ಮುಷ್ಟಿಯಲ್ಲಿ ಎದೆಗೆ ಅವುಚಿಕೊಂಡು, ಗಾಳಿಗೆ ಬೆನ್ನು ಕೊಟ್ಟು, ಏಡಿಯಂತೆ ಅಡ್ಡಡ್ಡ ಹೆಜ್ಜೆ ಹಾಕುತ್ತ ಹಿರಿಯರ ಕಡೆ ಬಂದಳು.

"ಏನೋ ಹೇಳೋಕೆ ಎದ್ದಿದ್ಯಲ್ಲಮ್ಮಾ," ಎಂದರು ಹಿರಿಯರು.

"ಮೈದೇಯಿ ಇಲ್ಲೇ ಇರ್ಲಿ," ಎಂದಳು ಎಸ್ನಾತ್. "ಅವಳನ್ನ ಯಾರಾದ್ರೂ ಮುಟ್ಟಿದ್ರೆ ನಾನು ಸುಮ್ನಿರಲ್ಲ."

ಅವಳ ಬೆರಳ ಸಂದಿಯಿಂದ ಕಪ್ಪು ಬಟ್ಟೆಯ ಮೇಲೆ ಬೂದಿ ಸಣ್ಣಗೆ ಸೋರುತ್ತಿತ್ತು. ಅವಳು ನಾಲಗೆಯಿಂದ ಒದ್ದೆ ಮಾಡಿಕೊಂಡ ಬೆರಳಲ್ಲಿ ಅದನ್ನು ಕಣಕಣವಾಗಿ ಒತ್ತಿ ಒತ್ತಿ ಮತ್ತೆ ಗಂಟಿಗೆ ಸೇರಿಸುತ್ತ ನಿಂತಿದ್ದಳು.