ಐದನೆಯ ಚಿತ್ರ

ಐದನೆಯ ಹೆಸರು ತನ್ನ ಚಿತ್ರದ್ದೇ ಎಂದು ಮಗಳಿಗೆ ತಕ್ಷಣ ಹೊಳೆಯಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದ ಊಟದ ಕೋಣೆಯಲ್ಲಿ ಅಮ್ಮನ ಜೊತೆ ಕೆಲಸ ಮಾಡುವ ಹೆಂಗಸರೆಲ್ಲ ಒಂದೇ ಫೋನಿನ ಮೇಲೆ ಮುಗಿಬಿದ್ದಿದ್ದರು. ದೊಡ್ಡ ಪ್ರಶಸ್ತಿಯ ಕೊನೆಯ ಸುತ್ತಿಗೆ ಐದು ಸಾಕ್ಷ್ಯಚಿತ್ರಗಳು ಬಂದಿದ್ದವು. ಐದನ್ನೂ ಮಾಡಿದವರು ಹೆಂಗಸರೇ.

"ಕೂತ್ಕೊ ಮೊದಲು. ಮುಖ ಬಿಳಿಚ್ಕೊಂಡಿದೆ," ಎಂದು ಅಮ್ಮ ನೀರು ಕೊಟ್ಟಳು.

ಗುಂಡಕ್ಕ ಟೀವಿಯ ರಿಮೋಟ್ ಹುಡುಕತೊಡಗಿದಳು. ಅವಳೂ ಅಮ್ಮನೂ ಒಂದೇ ಬೆಡ್‌ಶೀಟಿನ ಎರಡು ತುದಿ ಹಿಡಿದು ಮಡಚುತ್ತಲೇ ಅರ್ಧ ಆಯಸ್ಸು ಕಳೆದವರು. "ಈಗ್ಲೇ ಹಾಕು ಮಗಳೇ. ಲೋಕವೆಲ್ಲ ನೋಡಿ ಆಯ್ತು, ಅದರಲ್ಲಿರೋ ನಾವೇ ನೋಡಿಲ್ಲ."

ಮಗಳು ಅಡ್ಡ ಕೈ ಚಾಚಿದಳು. "ಮನೇಲಿ ನೋಡೋಣ ಅಮ್ಮ, ನಿಧಾನವಾಗಿ."

"ವರ್ಷದಿಂದ ಅದನ್ನೇ ಹೇಳ್ತಿದ್ದೀಯ. ಇವರನ್ನ ಬಿಟ್ಟು ನಾನೊಬ್ಬಳೇ ನೋಡ್ಲಾ?"

ಪರದೆಯ ಮೇಲೆ ಹಬೆ ಎದ್ದಿತು, ಯಂತ್ರಗಳು ತಿರುಗಿದವು. ತಂತಮ್ಮ ಮುಖ ಕಂಡಾಗಲೆಲ್ಲ ಹೆಂಗಸರು ಬಿದ್ದು ಬಿದ್ದು ನಕ್ಕರು.

"ನಾನು ಇಷ್ಟು ದಪ್ಪ ಇದ್ದೀನಾ?"

"ಕ್ಯಾಮೆರಾ ಮೇಲೆ ತಪ್ಪು ಹೊರಿಸ್ಬೇಡ," ಎಂದಳು ಗುಂಡಕ್ಕ.

ಕೊನೆಗೆ ಪರದೆ ಕಪ್ಪಾಯಿತು. ಮುಗಿಯಿತೆಂದು ಎಲ್ಲರೂ ಎದ್ದರು. ಆಗ ಕಪ್ಪು ಪರದೆಯಿಂದ ನಲ್ಲಿ ನೀರು ಬೀಳುವ ಸದ್ದು, ಅದರ ಹಿಂದೆ ಅಮ್ಮನ ದನಿ: "ಮನೇಲಿ ಮಾತಾಡ್ಸಿದ್ರೆ ಫೋನ್ ನೋಡ್ತಾ ಹೂಂ ಅಂತಾಳೆ. ಕ್ಯಾಮೆರಾ ಹಿಂದೆ ನಿಂತಾಗ ಮಾತ್ರ ಅವಳಿಗೆ ನನ್ನ ಮಾತು ಕೇಳಿಸುತ್ತೆ. ಈ ಶೂಟಿಂಗ್ ಮುಗಿಯದೇ ಇದ್ದಿದ್ರೆ ಚೆನ್ನಾಗಿತ್ತು ಕಣೇ."

ಚಿತ್ರೀಕರಣದ ಕಡೆಯ ದಿನ ಅಮ್ಮನ ಕಾಲರ್‌ಗೆ ಸಿಕ್ಕಿಸಿದ್ದ ಪುಟ್ಟ ಮೈಕನ್ನು ತೆಗೆಯಲು ಎಲ್ಲರೂ ಮರೆತಿದ್ದರು. ಅದನ್ನು ಹೊತ್ತುಕೊಂಡೇ ಅವಳು ಗುಂಡಕ್ಕನ ಜೊತೆ ಲೋಟ ತೊಳೆಯಲು ಹೋಗಿದ್ದಳು. ಎಡಿಟಿಂಗ್ ಕೋಣೆಯಲ್ಲಿ ಈ ಮಾತು ಕೇಳಿ ಮಗಳು ಬಿಕ್ಕಿ ಬಿಕ್ಕಿ ಅತ್ತಿದ್ದು ನಿಜ. ಕಣ್ಣೊರೆಸಿಕೊಂಡು, ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಮುಕ್ತಾಯ ಸಿಗದೆಂದು ಕೊನೆಗೆ ಅಂಟಿಸಿದ್ದೂ ನಿಜ. ನೋಡಿದವರೆಲ್ಲ ಮೆಚ್ಚಿದ್ದು ಆ ಕೊನೆಯನ್ನೇ.

ಅಮ್ಮ ಗರಬಡಿದವಳಂತೆ ನಿಂತಿದ್ದಳು.

"ಅದು ನನ್ನೊಬ್ಬಳಿಗೆ ಹೇಳಿದ್ದು," ಎಂದಳು ಗುಂಡಕ್ಕ, ಮೆಲ್ಲಗೆ.

"ಎಷ್ಟು ಜನ ಕೇಳಿದ್ದಾರೆ ಇದನ್ನ?" ಅಮ್ಮ ಮಗಳ ಕಡೆ ತಿರುಗಿದಳು.

"ತೆಗೆಸ್ತೀನಿ ಅಮ್ಮ. ಪ್ರಶಸ್ತಿ ಹೋದ್ರೆ ಹೋಗ್ಲಿ, ಇವತ್ತೇ ಹೇಳಿ ತೆಗೆಸ್ತೀನಿ."

"ಈಗ ತೆಗೆಸಿ ಏನು? ನೀನು ಇದನ್ನ ಕೇಳಿಸಿಕೊಂಡ ದಿನ ಮನೆಗೆ ಬಂದಿದ್ದೆ ತಾನೇ? ನಾನೇ ಬಡಿಸಿರ್ತೀನಿ. ಅವತ್ತೂ ನನ್ನ ಹತ್ರ ಒಂದು ಮಾತಾಡದೆ ಉಂಡು ಮಲಗಿರ್ತೀಯ."

ಅಷ್ಟೇ ಹೇಳಿ ಅವಳು ಗುಂಡಕ್ಕನ ಜೊತೆ ಕೆಲಸಕ್ಕೆ ಹೋದಳು. ಮಗಳು ಹಿಂದೆಯೇ ಓಡಿದಳು.

ಒಳಗೆ ಒಣಗಿದ ಬೆಡ್‌ಶೀಟುಗಳು ರಾಶಿ ಬಿದ್ದಿದ್ದವು. ಗುಂಡಕ್ಕ ತಾನು ಹಿಡಿದಿದ್ದ ತುದಿಯನ್ನು ಮಗಳ ಕೈಗಿತ್ತು ಆಚೆ ಸರಿದಳು. ಅಮ್ಮ ಎಳೆದು ಕೊಡವಿದಳು, ಮಗಳೂ ಕೊಡವಿದಳು. ಒಮ್ಮೆ ಮಡಚಿ ಹತ್ತಿರ ಬಂದರು, ಮತ್ತೆ ಹಿಂದೆ ಸರಿದರು. ಮಗಳ ಚೀಲದಲ್ಲಿ ಫೋನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಅವಳು ಅದನ್ನು ತೆಗೆಯಲಿಲ್ಲ.

"ಏನಾದ್ರೂ ಮಾತಾಡು ಅಮ್ಮ. ಬೇಕಾದ್ರೆ ಬೈಯಿ. ಕೇಳ್ತೀನಿ."

ಅಮ್ಮ ಮಗಳ ಮುಖ ನೋಡಿದಳು. ಏನೋ ಹೇಳಲೆಂದು ಬಾಯಿ ತೆರೆದಳು. ಆಮೇಲೆ ಬೆಡ್‌ಶೀಟನ್ನು ಒಂದೇ ಕೈಗೆ ಬದಲಾಯಿಸಿಕೊಂಡು, ಇನ್ನೊಂದು ಕೈಯಿಂದ ತನ್ನ ಅಂಗಿಯ ಕಾಲರ್‌ನ ಒಳಗೆಲ್ಲ ಮೆಲ್ಲಗೆ ತಡವಿ ನೋಡಿಕೊಂಡಳು.